ಶೀನು ನಿಂತರೂ ನಿಲ್ಲದ ಕೆಲಸ

ಬೆಳಿಗ್ಗೆ ಎದ್ದ ಕೂಡಲೇ ಸಾಲುಸಾಲು ಶೀನು, ಮೂಗಿನಿಂದ ನೀರು, ಕಣ್ಣಿನ ತುದಿಯಲ್ಲಿ ತುರಿಕೆ. ಮೆಡಿಕಲ್ ಶಾಪಿನಲ್ಲಿ ಒಂದು ಸಿಟ್ರಿಜಿನ್ ಕೇಳಿ ನುಂಗಿದರೆ ಮಧ್ಯಾಹ್ನದ ಹೊತ್ತಿಗೆ ಎಲ್ಲ ಶಾಂತ. ‘ನನಗೆ ಡಸ್ಟ್ ಅಲರ್ಜಿ’ ಎಂದು ಹೇಳಿಕೊಳ್ಳುವ ಎಷ್ಟೋ ಮಂದಿ ವರ್ಷಗಟ್ಟಲೆ ಹೀಗೇ ದಿನ ದೂಡುತ್ತಾರೆ. ಶೀನು ಬಂತು, ಮಾತ್ರೆ ನುಂಗಿದೆ, ಶೀನು ನಿಂತಿತು, ಅಲ್ಲಿಗೆ ಮುಗಿಯಿತು ಎಂಬುದು ಅವರ ಲೆಕ್ಕ. ಆ ಲೆಕ್ಕದಲ್ಲಿ ಒಂದು ದೊಡ್ಡ ಬಾಬತ್ತು ಬಿಟ್ಟುಹೋಗಿದೆ. ಅದನ್ನು ಹೇಳುವುದಕ್ಕಾಗಿಯೇ ಈ ಬರಹ.

ಹತ್ತಾರು ವರ್ಷ ಕಳೆದ ಮೇಲೆ ಅದೇ ವ್ಯಕ್ತಿ ಇಎನ್‌ಟಿ ವೈದ್ಯರ ಮುಂದೆ ಕೂತಾಗ ದೂರು ಬೇರೆಯೇ ಆಗಿರುತ್ತದೆ. ಶೀನು ಮೊದಲಿನಷ್ಟಿಲ್ಲ. ಆದರೆ ಮೂಗು ಸದಾ ಕಟ್ಟಿರುತ್ತದೆ. ಒಗ್ಗರಣೆಯ ವಾಸನೆ ತಿಳಿಯುವುದಿಲ್ಲ. ರಾತ್ರಿಯೆಲ್ಲ ಬಾಯಿಯಿಂದ ಉಸಿರಾಡಿ ಬೆಳಿಗ್ಗೆ ಗಂಟಲು ಒಣಗಿರುತ್ತದೆ. ಮಾತ್ರೆ ನುಂಗಿದರೆ ನಿದ್ದೆ ಬರುತ್ತದೆಯೇ ಹೊರತು ಮೂಗು ಬಿಡುವುದಿಲ್ಲ. ವೈದ್ಯರು ಎಂಡೋಸ್ಕೋಪ್ ತೂರಿಸಿ ನೋಡಿ ‘ಮೂಗಲ್ಲಿ ಮಾಂಸ ಬೆಳೆದಿದೆ’ ಎನ್ನುತ್ತಾರೆ. ಈ ಮಾತಿನ ಹಿಂದೆ ಎರಡು ಬೇರೆ ಸ್ಥಿತಿಗಳಿರಬಹುದು. ಮೂಗಿನ ಪಕ್ಕದ ಗೋಡೆಯಿಂದ ಒಳಕ್ಕೆ ಚಾಚಿಕೊಂಡಿರುವ ಟರ್ಬಿನೇಟ್ ಎಂಬ ಮಡಿಕೆಗಳು ಊದಿ ದಪ್ಪಗಾಗಿರಬಹುದು. ಇಲ್ಲವೇ ಸೈನಸ್‌ಗಳ ಬಾಯಿಂದ ಪಾಲಿಪ್‌ಗಳು, ಅಂದರೆ ಮೆತ್ತನೆಯ ನಸುಬೂದು ಗಂಟುಗಳು, ಇಳಿಬಿದ್ದಿರಬಹುದು. ಪಾಲಿಪ್‌ಗಳೆಲ್ಲವೂ ಅಲರ್ಜಿಯಿಂದಲೇ ಹುಟ್ಟುವುದಿಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು. ಆದರೂ ಎರಡೂ ಸ್ಥಿತಿಗಳಲ್ಲಿ ಒಂದು ಸಮಾನ ಅಂಶವಿದೆ: ಮೂಗಿನ ಒಳಪದರದ ಕಟ್ಟಡವೇ ಬದಲಾಗಿರುತ್ತದೆ.

ಉರಿಯೂತ ಎಂದರೆ ಕೆಂಪಾಗುವುದು, ಊದುವುದು, ಸೋರುವುದು. ಅದು ಬಂದು ಹೋಗುವಂಥದ್ದು. ಅಂಗಾಂಶದ ಮರುರಚನೆ ಹಾಗಲ್ಲ. ಒಮ್ಮೆ ಆಯಿತೆಂದರೆ ಬೇಗ ಹಿಂದಿರುಗದು. ಬಂದು ಹೋಗಬೇಕಾದ ಒಂದು ಸಂಗತಿ ಉಳಿದುಬಿಡುವ ಇನ್ನೊಂದಾಗಿ ಹೇಗೆ ಮಾರ್ಪಡುತ್ತದೆ? ಕಳೆದ ಎರಡು ದಶಕಗಳಲ್ಲಿ ಈ ಪ್ರಶ್ನೆಯ ಬೆನ್ನು ಹತ್ತಿದ ವಿಜ್ಞಾನಿಗಳು ಮತ್ತೆ ಮತ್ತೆ ಎದುರುಗೊಂಡ ಒಂದು ಪ್ರೋಟೀನ್ ಇದೆ. ಅದರ ಹೆಸರು ಪೆರಿಯೊಸ್ಟಿನ್.

ಇದು ಮೊದಲು ಕಂಡದ್ದು ಮೂಗಿನಲ್ಲಲ್ಲ, ಮೂಳೆಯಲ್ಲಿ. 1993ರಲ್ಲಿ ತಾಕೆಶಿತಾ ಮತ್ತು ಸಂಗಡಿಗರು ಇಲಿಯ ಮೂಳೆ ಕಟ್ಟುವ ಕೋಶಗಳಲ್ಲಿ ಇದನ್ನು ಗುರುತಿಸಿದರು. ಆಗ ಅದಕ್ಕೆ ಆಸ್ಟಿಯೊಬ್ಲಾಸ್ಟ್ ಸ್ಪೆಸಿಫಿಕ್ ಫ್ಯಾಕ್ಟರ್-2 ಎಂಬ ಉದ್ದನೆಯ ಹೆಸರಿತ್ತು. ಮೂಳೆಯ ಹೊರಪೊರೆಯಲ್ಲೂ ಹಲ್ಲನ್ನು ದವಡೆಗೆ ಹಿಡಿದಿಡುವ ನಾರುಗಳಲ್ಲೂ ಅದು ಹೇರಳವಾಗಿ ಸಿಕ್ಕಿದ್ದರಿಂದ 1999ರಲ್ಲಿ ಪೆರಿಯೊಸ್ಟಿನ್ ಎಂಬ ಹೆಸರು ಬಂತು. ಅಲರ್ಜಿಯೊಂದಿಗೆ ಇದಕ್ಕೆ ನಂಟಿದೆಯೆಂದು ಆಗ ಯಾರಿಗೂ ಅನಿಸಿರಲಿಲ್ಲ. ಜಪಾನಿನ ಸಾಗಾ ವಿಶ್ವವಿದ್ಯಾಲಯದ ಕೆಂಜಿ ಇಜುಹಾರಾ ಅವರ ತಂಡ ಅಲರ್ಜಿಯ ಸಂಕೇತ ರಾಸಾಯನಿಕಗಳಾದ ಇಂಟರ್‌ಲ್ಯೂಕಿನ್-4 ಮತ್ತು ಇಂಟರ್‌ಲ್ಯೂಕಿನ್-13 ಶ್ವಾಸನಾಳದ ಕೋಶಗಳಲ್ಲಿ ಯಾವ ಯಾವ ಜೀನ್‌ಗಳನ್ನು ಎಬ್ಬಿಸುತ್ತವೆ ಎಂದು ಹುಡುಕುತ್ತಿತ್ತು. ಆ ಪಟ್ಟಿಯಲ್ಲಿ ಪೆರಿಯೊಸ್ಟಿನ್ ಇತ್ತು. 2006ರಲ್ಲಿ ಅವರು ಪ್ರಕಟಿಸಿದ ಪ್ರಬಂಧದ ಪ್ರಕಾರ, ಆಸ್ತಮಾ ರೋಗಿಗಳ ಶ್ವಾಸನಾಳದಲ್ಲಿ ಹೊರಪದರದ ಕೆಳಗೆ ದಪ್ಪಗಾದ ಪಟ್ಟಿಯಲ್ಲಿಯೇ ಈ ಪ್ರೋಟೀನ್ ಶೇಖರವಾಗಿತ್ತು. ಮರುವರ್ಷ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್‌ಫ್ರಾನ್ಸಿಸ್ಕೊ ತಂಡವೂ ಆಸ್ತಮಾದಲ್ಲಿ ಅತಿ ಹೆಚ್ಚು ಚುರುಕಾಗುವ ಜೀನ್‌ಗಳ ಸಾಲಿನಲ್ಲಿ ಇದನ್ನೇ ಕಂಡಿತು. ಆಮೇಲೆ ಮೂಗಿನ ಸರದಿ. 2012ರಲ್ಲಿ ಜಪಾನಿನ ವೈದ್ಯರು ಅಲರ್ಜಿಕ್ ರೈನೈಟಿಸ್ ಮತ್ತು ದೀರ್ಘಕಾಲದ ಸೈನಸೈಟಿಸ್ ಇರುವವರ ಮೂಗಿನ ಅಂಗಾಂಶದಲ್ಲಿ ಪೆರಿಯೊಸ್ಟಿನ್ ಹೆಚ್ಚಾಗಿರುವುದನ್ನು ತೋರಿಸಿದರು.

ಮೂಗಿನೊಳಗೆ ನಡೆಯುವುದನ್ನು ಈಗ ಹಂತಹಂತವಾಗಿ ನೋಡೋಣ. ಹಾಸಿಗೆಯ ಧೂಳುಹುಳದ ಹಿಕ್ಕೆಯ ಕಣವೋ ಪರಾಗದ ಕಣವೋ ಲೋಳೆಪೊರೆಯ ಮೇಲೆ ಕೂರುತ್ತದೆ. ಆ ಕಣಕ್ಕೆ ಈಗಾಗಲೇ ಅಲರ್ಜಿ ಬೆಳೆಸಿಕೊಂಡ ದೇಹದಲ್ಲಿ ಮಾಸ್ಟ್ ಕೋಶಗಳು ತಮ್ಮ ಮೈಮೇಲೆ ಐಜಿಇ ಪ್ರತಿಕಾಯಗಳನ್ನು ಹೊತ್ತು ಕಾದಿರುತ್ತವೆ. ಕಣ ತಾಗಿದ ನಿಮಿಷಗಳಲ್ಲೇ ಅವು ಹಿಸ್ಟಮಿನ್ ಸುರಿಯುತ್ತವೆ. ಶೀನು, ತುರಿಕೆ, ನೀರು ಸೋರುವುದು ಬಹುಮಟ್ಟಿಗೆ ಈ ಹಿಸ್ಟಮಿನ್ ಮಾಡುವ ಕೆಲಸ. ಸಿಟ್ರಿಜಿನ್ ತಡೆಯುವುದೂ ಇದನ್ನೇ. ಆದರೆ ನಾಲ್ಕರಿಂದ ಎಂಟು ಗಂಟೆಗಳ ನಂತರ ಎರಡನೆಯ ಅಲೆ ಏಳುತ್ತದೆ. ರಕ್ತದಿಂದ ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣಗಳು, ಅವುಗಳೊಂದಿಗೆ ಟಿ-ಕೋಶಗಳು ಮೂಗಿನ ಪೊರೆಗೆ ಇಳಿಯುತ್ತವೆ; ಇಂಟರ್‌ಲ್ಯೂಕಿನ್-4, 5, 13 ಬಿಡುಗಡೆಯಾಗುತ್ತವೆ. ಈ ಎರಡನೆಯ ಅಲೆಯಲ್ಲಿ ಶೀನು ಕಡಿಮೆ, ಕಟ್ಟುವುದು ಜಾಸ್ತಿ. ಮಧ್ಯಾಹ್ನ ‘ಶಾಂತವಾಯಿತು’ ಎಂದು ನಾವು ನಿಟ್ಟುಸಿರು ಬಿಡುವಾಗ ಒಳಗೆ ಈ ಕೆಲಸ ಆರಂಭವಾಗಿರುತ್ತದೆ.

ಇಂಟರ್‌ಲ್ಯೂಕಿನ್-13 ಮೂಗಿನ ಹೊರಪದರದ ಕೋಶಗಳಿಗೂ ಅದರ ಕೆಳಗಿರುವ ಫೈಬ್ರೊಬ್ಲಾಸ್ಟ್‌ಗಳಿಗೂ ಒಂದೇ ಅಪ್ಪಣೆ ಕೊಡುತ್ತದೆ: ಪೆರಿಯೊಸ್ಟಿನ್ ತಯಾರಿಸಿ. ಫೈಬ್ರೊಬ್ಲಾಸ್ಟ್‌ಗಳೆಂದರೆ ನಾರುಗಳನ್ನು ನೇಯುವ ಕೋಶಗಳು. ಹೊರಪದರದ ಕೋಶಗಳು ಪೆರಿಯೊಸ್ಟಿನ್ ಅನ್ನು ಹೆಚ್ಚಾಗಿ ಗಾಳಿ ಓಡಾಡುವ ಮೇಲ್ಬದಿಗೆ ಬಿಡದೆ ತಮ್ಮ ತಳದ ಕಡೆಗೆ ಬಿಡುತ್ತವೆ ಎಂಬುದು ಮುಖ್ಯವಾದ ವಿವರ. ಆ ತಳದಲ್ಲಿಯೇ ಕೊಲಾಜೆನ್, ಫೈಬ್ರೊನೆಕ್ಟಿನ್, ಟೆನಾಸಿನ್ ಎಂಬ ನಾರು ಪ್ರೋಟೀನ್‌ಗಳು ಇರುವುದು.

ಮನೆಗೆ ತಾರಸಿ ಹಾಕುವ ಮೊದಲು ಕಬ್ಬಿಣದ ಕಂಬಿಗಳನ್ನು ಅಡ್ಡಡ್ಡ, ಉದ್ದುದ್ದ ಜೋಡಿಸಿ ಪ್ರತಿ ಕೂಡುಜಾಗದಲ್ಲೂ ಬೈಂಡಿಂಗ್ ವೈರಿನಿಂದ ಬಿಗಿಯುವುದನ್ನು ನೋಡಿರುತ್ತೀರಿ. ಪೆರಿಯೊಸ್ಟಿನ್ ಮಾಡುವುದು ಆ ತಂತಿಯ ಕೆಲಸ. ಅದರ ಒಂದು ಭಾಗ ಕೊಲಾಜೆನ್ನಿಗೂ ಫೈಬ್ರೊನೆಕ್ಟಿನ್ನಿಗೂ ಅಂಟಿಕೊಳ್ಳುತ್ತದೆ, ಇನ್ನೊಂದು ಭಾಗ ಟೆನಾಸಿನ್ ಅನ್ನು ಹಿಡಿಯುತ್ತದೆ. ಜೊತೆಗೆ ಲೈಸಿಲ್ ಆಕ್ಸಿಡೇಸ್ ಎಂಬ ಕಿಣ್ವ ಚುರುಕಾಗಲು ನೆರವಾಗಿ, ಕೊಲಾಜೆನ್ ಎಳೆಗಳ ನಡುವೆ ರಾಸಾಯನಿಕ ಬೆಸುಗೆ ಬೀಳುವಂತೆ ಮಾಡುತ್ತದೆ. ಬೆಸುಗೆ ಬಿದ್ದ ಕೊಲಾಜೆನ್ ಗಟ್ಟಿ. ದೇಹ ಅದನ್ನು ಸುಲಭವಾಗಿ ಕರಗಿಸಿ ತೆಗೆಯಲಾರದು. ಹೀಗೆ ಹೊರಪದರದ ಕೆಳಗಿನ ಪಟ್ಟಿ ದಪ್ಪಗಾಗುತ್ತ ಹೋಗುತ್ತದೆ. ಅದರ ಜೊತೆಗೇ ಲೋಳೆ ಸುರಿಸುವ ಗೋಬ್ಲೆಟ್ ಕೋಶಗಳು ಹೆಚ್ಚುತ್ತವೆ, ರಕ್ತನಾಳಗಳು ಹಿಗ್ಗುತ್ತವೆ.

ಇಷ್ಟೇ ಆಗಿದ್ದರೆ ಪೆರಿಯೊಸ್ಟಿನ್ ಬರಿಯ ಕಟ್ಟಡ ಸಾಮಗ್ರಿಯಾಗಿ ಉಳಿಯುತ್ತಿತ್ತು. ಅದು ಮಾತನ್ನೂ ಆಡುತ್ತದೆ ಎಂಬುದೇ ಈ ಕಥೆಯಲ್ಲಿ ನನ್ನನ್ನು ಹೆಚ್ಚು ಹಿಡಿದಿಟ್ಟ ಭಾಗ. ಕೋಶಗಳ ಮೈಮೇಲೆ ಇಂಟೆಗ್ರಿನ್ ಎಂಬ ಗ್ರಾಹಕಗಳಿವೆ. ಪೆರಿಯೊಸ್ಟಿನ್ ಅವುಗಳಿಗೆ ತಗುಲಿದಾಗ ಕೋಶದೊಳಕ್ಕೆ ಸಂದೇಶ ಹೋಗುತ್ತದೆ. ಫೈಬ್ರೊಬ್ಲಾಸ್ಟ್‌ಗಳು ಇನ್ನಷ್ಟು ಉರಿಯೂತದ ರಾಸಾಯನಿಕಗಳನ್ನು ಹೊರಬಿಡುತ್ತವೆ; ಇಯೊಸಿನೊಫಿಲ್‌ಗಳು ಆ ಅಂಗಾಂಶಕ್ಕೆ ಅಂಟಿಕೊಳ್ಳಲು ಅನುಕೂಲವಾಗುತ್ತದೆ. 2012ರಲ್ಲಿ ಇಜುಹಾರಾ ತಂಡ ಅಲರ್ಜಿಯ ಚರ್ಮದ ಮೇಲೆ ಮಾಡಿದ ಕೆಲಸ ಇದನ್ನು ನಿಚ್ಚಳಗೊಳಿಸಿತು. ಪೆರಿಯೊಸ್ಟಿನ್ ತಗುಲಿದ ಚರ್ಮದ ಕೋಶಗಳು ಟಿಎಸ್‌ಎಲ್‌ಪಿ ಎಂಬ ಎಚ್ಚರಿಕೆಯ ರಾಸಾಯನಿಕವನ್ನು ಸುರಿಸುತ್ತವೆ. ಟಿಎಸ್‌ಎಲ್‌ಪಿ ಮತ್ತೆ ಅಲರ್ಜಿ ಪ್ರತಿಕ್ರಿಯೆಯನ್ನು ಬಡಿದೆಬ್ಬಿಸುತ್ತದೆ. ಅದರಿಂದ ಇಂಟರ್‌ಲ್ಯೂಕಿನ್-13, ಅದರಿಂದ ಇನ್ನಷ್ಟು ಪೆರಿಯೊಸ್ಟಿನ್. ಉರಿಯೂತ ಗೋಡೆಯನ್ನು ಬದಲಿಸುತ್ತದೆ, ಬದಲಾದ ಗೋಡೆ ಉರಿಯೂತವನ್ನು ಉಳಿಸುತ್ತದೆ. ಇದೊಂದು ವಿಷಚಕ್ರ. 2020ರಲ್ಲಿ ಅಮೆರಿಕದ ನಾರ್ತ್ ಕೆರೊಲಿನಾ ಸ್ಟೇಟ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಇಲಿಗಳ ಚರ್ಮದಲ್ಲಿ ಪೆರಿಯೊಸ್ಟಿನ್ ನೇರವಾಗಿ ನರತಂತುಗಳನ್ನು ಕೆಣಕಿ ತುರಿಕೆ ಹುಟ್ಟಿಸುವುದನ್ನೂ ತೋರಿಸಿದ್ದಾರೆ. ಅಂದರೆ ಹಿಸ್ಟಮಿನ್ನಿನ ಹಂಗಿಲ್ಲದ ತುರಿಕೆ.

ಮೂಗು ಮತ್ತು ಶ್ವಾಸಕೋಶ ಒಂದೇ ಗಾಳಿಯನ್ನು ಒಳಗೆಳೆಯುತ್ತವೆ. ಧೂಳಿನ ಮೊದಲ ಪೆಟ್ಟು ಬೀಳುವುದು ಮೂಗಿಗೇ. ಆದರೂ ಗೋಡೆ ದಪ್ಪಗಾಗುವುದು ಶ್ವಾಸನಾಳದಲ್ಲಿ ಹೆಚ್ಚು, ಅಲರ್ಜಿಯ ಮೂಗಿನಲ್ಲಿ ಕಡಿಮೆ. ಶ್ವಾಸನಾಳದ ಸುತ್ತ ನಯವಾದ ಸ್ನಾಯುವಿನ ಬಳೆಯಿದೆ, ಮೂಗಿನಲ್ಲಿಲ್ಲ. ಭ್ರೂಣದಲ್ಲಿ ಎರಡೂ ಹುಟ್ಟುವ ಮೂಲವೂ ಬೇರೆ. ಮೂಗಿನ ಹೊರಪದರ ಬೇಗ ಚೇತರಿಸಿಕೊಳ್ಳುತ್ತದೆ. ಹೀಗಾಗಿ ಅಲರ್ಜಿ ಇರುವ ಪ್ರತಿಯೊಬ್ಬರ ಮೂಗೂ ಶಾಶ್ವತವಾಗಿ ಕೆಟ್ಟುಹೋಗುತ್ತದೆಂದು ಹೆದರಬೇಕಾಗಿಲ್ಲ. ಇಯೊಸಿನೊಫಿಲ್ ತುಂಬಿದ ಪಾಲಿಪ್‌ಗಳಲ್ಲಿ ಮಾತ್ರ ಚಿತ್ರ ತೀವ್ರವಾಗಿರುತ್ತದೆ. ಅಲ್ಲಿ ಪೆರಿಯೊಸ್ಟಿನ್ ಎದ್ದು ಕಾಣುವಷ್ಟು ಹೆಚ್ಚಿರುತ್ತದೆ. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಮೇಲೂ ಮತ್ತೆ ಬೆಳೆಯುವ ಹಟಮಾರಿ ಪಾಲಿಪ್‌ಗಳು ಬಹುತೇಕ ಈ ಗುಂಪಿನವೇ.

ಇಷ್ಟು ಓದಿದವರು ಸಹಜವಾಗಿಯೇ ಕೇಳಿಯಾರು: ಹಾಗಾದರೆ ಪೆರಿಯೊಸ್ಟಿನ್ ಅನ್ನೇ ತಡೆಯುವ ಔಷಧ ಕೊಟ್ಟರೆ ಆಯಿತಲ್ಲ? ಇಲ್ಲಿ ಅವಸರ ಸಲ್ಲದು. ಈ ಪ್ರೋಟೀನ್ ದೇಹಕ್ಕೆ ಬೇಕು. ಪೆರಿಯೊಸ್ಟಿನ್ ಇಲ್ಲದಂತೆ ಬೆಳೆಸಿದ ಇಲಿಗಳು ಗಾತ್ರದಲ್ಲಿ ಕುಳ್ಳಗಾಗುತ್ತವೆ, ಅವುಗಳ ಹಲ್ಲಿನ ಬುಡ ಸಡಿಲಗೊಂಡು ವಸಡಿನ ರೋಗ ಬರುತ್ತದೆ. ಹೃದಯಾಘಾತದ ಪ್ರಯೋಗದಲ್ಲಿ ಅಂಥ ಇಲಿಗಳ ಹೃದಯದ ಗೋಡೆ ಮೊದಲ ದಿನಗಳಲ್ಲಿ ಹರಿದುಹೋಗುವುದು ಹೆಚ್ಚು ಎಂದು 2007ರ ಅಧ್ಯಯನ ಹೇಳುತ್ತದೆ. ಗಾಯ ಕಟ್ಟಲು ಬೇಕಾದ ನಾರು ಅಲ್ಲಿ ಸರಿಯಾಗಿ ಹೆಣೆಯದಿರುವುದೇ ಕಾರಣ. ವಿಚಿತ್ರವೆಂದರೆ, ಆ ಗಂಡಾಂತರ ದಾಟಿ ಬದುಕುಳಿದ ಇಲಿಗಳಲ್ಲಿ ಗಾಯದ ಕಲೆ ಕಡಿಮೆಯಿದ್ದು, ಹೃದಯ ಉಳಿದ ಇಲಿಗಳಿಗಿಂತ ಚೆನ್ನಾಗಿ ಬಡಿಯುತ್ತಿತ್ತು. ಒಂದೇ ಪ್ರೋಟೀನ್, ಮೊದಲ ವಾರದಲ್ಲಿ ಪ್ರಾಣ ಕಾಯುತ್ತದೆ, ಆಮೇಲೆ ಅತಿಯಾದರೆ ಅಂಗವನ್ನು ಪೆಡಸಾಗಿಸುತ್ತದೆ. ಅಲರ್ಜಿಯ ಶ್ವಾಸಕೋಶದಲ್ಲೂ ಇಲಿಗಳ ಪ್ರಯೋಗಗಳು ಒಂದೇ ಉತ್ತರ ಕೊಟ್ಟಿಲ್ಲ. ಒಂದು ಪ್ರಯೋಗದಲ್ಲಿ ಪೆರಿಯೊಸ್ಟಿನ್ ಇಲ್ಲದಾಗ ಇಯೊಸಿನೊಫಿಲ್‌ಗಳು ತಗ್ಗಿದವು. ಬೇರೆ ಪ್ರಯೋಗಗಳಲ್ಲಿ ಅದಿಲ್ಲದಾಗ ಅಲರ್ಜಿಯೇ ಜೋರಾಯಿತು. ಇದನ್ನು ಖಳನಾಯಕನೆಂದು ಬರೆದುಬಿಡುವುದು ಸುಲಭ, ಆದರೆ ಅದು ಸತ್ಯಕ್ಕೆ ದೂರ.

ಔಷಧ ಪ್ರಪಂಚದಲ್ಲಿ ಪೆರಿಯೊಸ್ಟಿನ್ ಮೇಲೆ ಒಮ್ಮೆ ಬಹಳ ದೊಡ್ಡ ಭರವಸೆ ಇಡಲಾಗಿತ್ತು. ಪೆರಿಯೊಸ್ಟಿನ್ ರಕ್ತಕ್ಕೂ ಸೇರುತ್ತದೆ, ಅದನ್ನು ಅಳೆಯಬಹುದು. ರಕ್ತದಲ್ಲಿ ಅದು ಹೆಚ್ಚಿದ್ದರೆ ಆ ರೋಗಿಯ ಒಳಗೆ ಇಂಟರ್‌ಲ್ಯೂಕಿನ್-13 ಚುರುಕಾಗಿದೆ ಎಂದು ಊಹಿಸಬಹುದಲ್ಲವೇ? 2011ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪತ್ರಿಕೆಯಲ್ಲಿ ಬಂದ ಅಧ್ಯಯನ ಈ ಊಹೆಯ ಮೇಲೆ ನಿಂತಿತ್ತು. ಆಸ್ತಮಾ ಹತೋಟಿಗೆ ಬಾರದ 219 ವಯಸ್ಕರಲ್ಲಿ ಇಂಟರ್‌ಲ್ಯೂಕಿನ್-13 ಅನ್ನು ಕಟ್ಟಿಹಾಕುವ ಲೆಬ್ರಿಕಿಜುಮ್ಯಾಬ್ ಎಂಬ ಚುಚ್ಚುಮದ್ದನ್ನು ಪರೀಕ್ಷಿಸಲಾಯಿತು. 12 ವಾರಗಳ ನಂತರ ಉಸಿರು ಹೊರಹಾಕುವ ಶಕ್ತಿ, ಔಷಧವಿಲ್ಲದ ಚುಚ್ಚುಮದ್ದು ಪಡೆದವರಿಗೆ ಹೋಲಿಸಿದರೆ, ಒಟ್ಟಾರೆ ಶೇ 5.5ರಷ್ಟು ಅಂಶ ಸುಧಾರಿಸಿತ್ತು. ರಕ್ತದಲ್ಲಿ ಪೆರಿಯೊಸ್ಟಿನ್ ಹೆಚ್ಚಿದ್ದವರಲ್ಲಿ ಈ ಸುಧಾರಣೆ 8.2, ಕಡಿಮೆ ಇದ್ದವರಲ್ಲಿ 1.6 ಮಾತ್ರ. ಯಾವ ರೋಗಿಗೆ ಯಾವ ಔಷಧ ನಾಟುತ್ತದೆಂದು ಒಂದು ರಕ್ತಪರೀಕ್ಷೆಯಿಂದ ಮೊದಲೇ ಹೇಳುವ ಕಾಲ ಬಂತು ಎಂದು ಎಲ್ಲೆಡೆ ಉತ್ಸಾಹ ಹರಡಿತು.

2016ರಲ್ಲಿ ಬಂದ ಎರಡು ದೊಡ್ಡ ಅಧ್ಯಯನಗಳು ಆ ಉತ್ಸಾಹವನ್ನು ತಣ್ಣಗಾಗಿಸಿದವು. ಒಂದರಲ್ಲಿ ಆಸ್ತಮಾ ಉಲ್ಬಣಗೊಳ್ಳುವುದು ಗಮನಾರ್ಹವಾಗಿ ತಗ್ಗಿತು, ಇನ್ನೊಂದರಲ್ಲಿ ಖಚಿತವಾಗಿ ಹೇಳುವಷ್ಟು ತಗ್ಗಲಿಲ್ಲ. ಆಸ್ತಮಾಕ್ಕೆ ಆ ಔಷಧ ಬರಲೇ ಇಲ್ಲ. ಹಾಗೆಂದು ಅದು ಕಸದ ಬುಟ್ಟಿಗೂ ಹೋಗಲಿಲ್ಲ. ಅಟೋಪಿಕ್ ಡರ್ಮಟೈಟಿಸ್ ಎಂಬ ಅಲರ್ಜಿಯ ಇಸುಬಿಗೆ ಯುರೋಪಿನಲ್ಲಿ 2023ರಲ್ಲಿ, ಅಮೆರಿಕದಲ್ಲಿ 2024ರಲ್ಲಿ ಅನುಮತಿ ಪಡೆಯಿತು. ಅಷ್ಟರಲ್ಲಿ ಇಂಟರ್‌ಲ್ಯೂಕಿನ್-4 ಮತ್ತು 13 ಎರಡರ ಬಾಗಿಲನ್ನೂ ಒಟ್ಟಿಗೇ ಮುಚ್ಚುವ ಡುಪಿಲುಮ್ಯಾಬ್ ಬಂದಿತ್ತು. 2019ರಲ್ಲಿ ಅಮೆರಿಕದ ಎಫ್‌ಡಿಎ ಅದನ್ನು ಮೂಗಿನ ಪಾಲಿಪ್ ಇರುವ ದೀರ್ಘಕಾಲದ ಸೈನಸೈಟಿಸ್‌ಗೂ ಒಪ್ಪಿತು. ಈ ಮದ್ದು ಪಡೆದವರ ರಕ್ತದಲ್ಲಿ ಪೆರಿಯೊಸ್ಟಿನ್ ಇಳಿಯುತ್ತದೆ, ಪಾಲಿಪ್ ಕುಗ್ಗುತ್ತದೆ, ಎಷ್ಟೋ ಜನರಿಗೆ ಕಳೆದುಹೋಗಿದ್ದ ವಾಸನೆ ಮರಳುತ್ತದೆ. ಪ್ರೋಟೀನನ್ನು ನೇರವಾಗಿ ಕೆಣಕದೆ ಅದರ ಅಪ್ಪಣೆ ಹೊರಡುವ ಜಾಗದಲ್ಲಿ ತಡೆಯುವುದು ಸದ್ಯಕ್ಕೆ ಹೆಚ್ಚು ವಿವೇಕದ ದಾರಿ ಎಂದು ನನಗೆ ತೋರುತ್ತದೆ. ಇದು ದುಬಾರಿ ದಾರಿ, ತೀವ್ರ ಕಾಯಿಲೆಯವರಿಗೆ ಮಾತ್ರ ಮೀಸಲು.

ರಕ್ತದ ಪೆರಿಯೊಸ್ಟಿನ್ ಪರೀಕ್ಷೆಯ ಬಗ್ಗೆಯೂ ಒಂದು ಮಾತು. ಬೆಳೆಯುವ ಮಕ್ಕಳ ಮೂಳೆಗಳು ತಾವೇ ಹೇರಳ ಪೆರಿಯೊಸ್ಟಿನ್ ತಯಾರಿಸುವುದರಿಂದ ಮಕ್ಕಳ ರಕ್ತದಲ್ಲಿ ಅದರ ಮಟ್ಟ ಸಹಜವಾಗಿಯೇ ಹೆಚ್ಚು. ಅಲರ್ಜಿ ಅತಿಯಾಗಿ ಕಾಡುವ ವಯಸ್ಸಿನಲ್ಲೇ ಈ ಅಳತೆ ನಂಬಿಕೆಗೆ ಬಾರದು. ಅಲರ್ಜಿ ಇರುವವರೆಲ್ಲ ಇಂಥ ಪರೀಕ್ಷೆ ಕೇಳಿಕೊಂಡು ಪ್ರಯೋಗಾಲಯಕ್ಕೆ ಹೋಗುವ ಅಗತ್ಯವಿಲ್ಲ.

ನಮ್ಮಲ್ಲಿ ಈ ವಿಷಯ ದೂರದ ಪ್ರಯೋಗಾಲಯಗಳ ಮಾತಾಗಿ ಉಳಿಯಬಾರದು ಎನ್ನಲು ಕಾರಣವಿದೆ. ಬೆಂಗಳೂರಿನ ಮಕ್ಕಳ ಶ್ವಾಸಕೋಶ ತಜ್ಞ ಡಾ. ಎಚ್. ಪರಮೇಶ್ ಅವರು ಆಸ್ಪತ್ರೆಗೆ ಬಂದ ಮಕ್ಕಳಲ್ಲಿ ಎರಡು ದಶಕಗಳ ಕಾಲ ನಡೆಸಿದ ಸಮೀಕ್ಷೆಯಲ್ಲಿ ಆಸ್ತಮಾ 1979ರಲ್ಲಿ ಶೇ 9 ಇದ್ದದ್ದು 1999ರ ಹೊತ್ತಿಗೆ ಶೇ 29.5ಕ್ಕೆ ಏರಿತ್ತು. ಆಸ್ತಮಾ ಇರುವವರಲ್ಲಿ ಹೆಚ್ಚಿನವರಿಗೆ ಮೂಗಿನ ಅಲರ್ಜಿಯೂ ಇರುತ್ತದೆ. ಮೂಗಿನ ಅಲರ್ಜಿ ಅನೇಕ ಮಕ್ಕಳಲ್ಲಿ ಆಸ್ತಮಾಕ್ಕೆ ಮೊದಲೇ ಕಾಣಿಸಿಕೊಳ್ಳುತ್ತದೆ. ಇನ್ನು ನಮ್ಮ ಖಾಲಿ ಸೈಟುಗಳಲ್ಲೂ ರಸ್ತೆ ಬದಿಯಲ್ಲೂ ಬಿಳಿ ಹೂ ಬಿಟ್ಟು ನಿಲ್ಲುವ ಕಾಂಗ್ರೆಸ್ ಗಿಡ. 1950ರ ದಶಕದಲ್ಲಿ ಪುಣೆಯಲ್ಲಿ ಕಣ್ಣಿಗೆ ಬಿದ್ದ ಈ ಪಾರ್ಥೇನಿಯಂ ದೇಶವೆಲ್ಲ ಹಬ್ಬಿತು. ಅದರ ಪರಾಗ ಮೂಗಿನ ಅಲರ್ಜಿ ತರುತ್ತದೆಂಬುದನ್ನು ಸ್ಪಷ್ಟಗೊಳಿಸಿದ ಮುಖ್ಯ ಸಂಶೋಧನೆಗಳು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಿಂದಲೇ ಬಂದವು. ಅದನ್ನು ತಿನ್ನುವ ಮೆಕ್ಸಿಕೊದ ಜೀರುಂಡೆಯನ್ನು 1980ರ ದಶಕದಲ್ಲಿ ಮೊದಲು ತಂದು ಬಿಟ್ಟದ್ದೂ ಬೆಂಗಳೂರಿನಲ್ಲಿ. ಜೀರುಂಡೆ ಕೈಲಾದಷ್ಟು ಮೇಯುತ್ತಿದೆ, ಗಿಡವಂತೂ ಹೋಗಿಲ್ಲ. ಬಡಾವಣೆಯ ಖಾಲಿ ಜಾಗದಲ್ಲಿ ಹೂ ಬಿಡುವ ಮೊದಲೇ ಅದನ್ನು ಕೀಳಿಸುವುದು ನೂರಾರು ಮೂಗುಗಳಿಗೆ ಮಾಡುವ ಉಪಕಾರ. ಕೀಳುವವರು ಕೈಗವಸು ಹಾಕಿ, ಮುಖಕ್ಕೆ ಬಟ್ಟೆ ಕಟ್ಟಿಕೊಳ್ಳಲೇಬೇಕು.

ಪೆರಿಯೊಸ್ಟಿನ್ ಕಥೆ ರೋಗಿಗೆ ಕೊಡುವ ತಿಳಿವಳಿಕೆ ಇಷ್ಟು: ವರ್ಷದ ಬಹುಭಾಗ ಕಾಡುವ ಅಲರ್ಜಿಯಲ್ಲಿ ಗುರಿ ಶೀನಾಗಬಾರದು, ಉರಿಯೂತವಾಗಬೇಕು. ಹಿಸ್ಟಮಿನ್ ತಡೆಯುವ ಮಾತ್ರೆ ತುರಿಕೆ, ಶೀನುಗಳಿಗೆ ಒಳ್ಳೆಯದು. ಎರಡನೆಯ ಅಲೆಯನ್ನು ಅದು ಅಷ್ಟಾಗಿ ಮುಟ್ಟುವುದಿಲ್ಲ. ಅದನ್ನು ಮುಟ್ಟುವುದು ಮೂಗಿಗೆ ಹೊಡೆದುಕೊಳ್ಳುವ ಸ್ಟೀರಾಯ್ಡ್ ಸ್ಪ್ರೇ. ಸ್ಟೀರಾಯ್ಡ್ ಎಂದ ಕೂಡಲೇ ನಮ್ಮ ಮನೆಗಳಲ್ಲಿ ಹಿರಿಯರು ಬೆಚ್ಚಿಬೀಳುತ್ತಾರೆ. ಈ ಸ್ಪ್ರೇಗಳಲ್ಲಿ ಇರುವುದು ಮೈಕ್ರೋಗ್ರಾಂ ಲೆಕ್ಕದ ಔಷಧ. ಫ್ಲುಟಿಕಸೋನ್, ಮೊಮೆಟಸೋನ್‌ನಂಥವು ರಕ್ತಕ್ಕೆ ಸೇರುವುದು ತೀರ ಅತ್ಯಲ್ಪ. ತೊಂದರೆ ಏನೆಂದರೆ ಇವು ಕೆಲಸ ತೋರಿಸಲು ಸಮಯ ಬೇಕು. ಪೂರ್ಣ ಪರಿಣಾಮಕ್ಕೆ ದಿನಾ ಬಳಸಿ ಎರಡು ವಾರ ಕಾಯಬೇಕು. ಎರಡು ದಿನ ಹೊಡೆದು ‘ಇದರಿಂದ ಏನೂ ಆಗಲಿಲ್ಲ’ ಎಂದು ಕಪಾಟಿಗೆ ಎಸೆಯುವವರೇ ಹೆಚ್ಚು. ಅದೇ ಜನ ಕಟ್ಟಿದ ಮೂಗನ್ನು ತಕ್ಷಣ ಬಿಡಿಸುವ ಆಕ್ಸಿಮೆಟಜೊಲಿನ್, ಕ್ಸೈಲೊಮೆಟಜೊಲಿನ್ ಹನಿಗಳನ್ನು ತಿಂಗಳುಗಟ್ಟಲೆ ಹಾಕಿಕೊಳ್ಳುತ್ತಾರೆ. ಐದಾರು ದಿನ ದಾಟಿದರೆ ಆ ಹನಿಗಳೇ ಮೂಗನ್ನು ಕಟ್ಟಿಸತೊಡಗುತ್ತವೆ. ಹಬೆ ತೆಗೆದುಕೊಳ್ಳುವುದರಿಂದ ಆರಾಮ ಸಿಗುತ್ತದೆ, ಉಪ್ಪುನೀರಿನಿಂದ ಮೂಗು ತೊಳೆಯುವುದು ನಿಜಕ್ಕೂ ಉಪಯುಕ್ತ. ಆದರೆ ತೊಳೆಯುವ ನೀರು ಕುದಿಸಿ ಆರಿಸಿದ್ದಾಗಿರಬೇಕು.

ಯಾವುದರಿಂದ ಅಲರ್ಜಿ ಎಂದು ಚರ್ಮದ ಪರೀಕ್ಷೆಯಿಂದ ಖಚಿತವಾದವರಿಗೆ ಇಮ್ಯುನೊಥೆರಪಿ ಇದೆ. 1911ರಲ್ಲಿ ಲಂಡನ್ನಿನಲ್ಲಿ ಲಿಯೊನಾರ್ಡ್ ನೂನ್ ಹುಲ್ಲಿನ ಪರಾಗದ ಸಾರವನ್ನು ಅಲ್ಪಸ್ವಲ್ಪವಾಗಿ ಚುಚ್ಚಿ ಆರಂಭಿಸಿದ ಚಿಕಿತ್ಸೆ ಇದು. ಸಾಮಾನ್ಯವಾಗಿ ಮೂರು ವರ್ಷ ಹಿಡಿಯುತ್ತದೆ. ಕಾಯಿಲೆಯ ದಾರಿಯನ್ನೇ ತಿರುಗಿಸುವ ಶಕ್ತಿಯಿರುವ ಚಿಕಿತ್ಸೆ ಸದ್ಯಕ್ಕೆ ಇದೊಂದೇ. ಮಕ್ಕಳಲ್ಲಿ ಬೇಗ ಆರಂಭಿಸಿದರೆ ಹೆಚ್ಚು ಫಲ.

ಸ್ಪ್ರೇ ಬರೆದುಕೊಟ್ಟ ವೈದ್ಯರು ಅದನ್ನು ಹಿಡಿಯುವ ಬಗೆ ತೋರಿಸದಿದ್ದರೆ ಕೇಳಿ ತಿಳಿದುಕೊಳ್ಳಿ. ತಲೆ ಹಿಂದಕ್ಕೆ ಎತ್ತಬೇಡಿ, ತುಸು ಮುಂದಕ್ಕೆ ಬಾಗಿಸಿ. ಬಲ ಹೊಳ್ಳೆಗೆ ಎಡಗೈ, ಎಡ ಹೊಳ್ಳೆಗೆ ಬಲಗೈ. ಹಾಗೆ ಹಿಡಿದಾಗ ಸ್ಪ್ರೇಯ ತುದಿ ತಾನಾಗಿಯೇ ಅದೇ ಬದಿಯ ಕಿವಿಯ ಕಡೆ ತಿರುಗುತ್ತದೆ, ಔಷಧ ಟರ್ಬಿನೇಟ್ ಇರುವ ಪಕ್ಕದ ಗೋಡೆಗೆ ಬೀಳುತ್ತದೆ. ನಡುಗೋಡೆಗೆ ಹೊಡೆದುಕೊಂಡರೆ ಒಣಗಿ ರಕ್ತ ಬರುತ್ತದೆ, ಅನೇಕರು ಆ ರಕ್ತ ಕಂಡೇ ಔಷಧ ಬಿಟ್ಟುಬಿಡುತ್ತಾರೆ. ಹೊಡೆದ ಮೇಲೆ ಜೋರಾಗಿ ಮೂಗೆಳೆದರೆ ಔಷಧವೆಲ್ಲ ಗಂಟಲಿಗಿಳಿಯುತ್ತದೆ. ಮೆಲ್ಲಗೆ ಉಸಿರೆಳೆದುಕೊಂಡರೆ ಸಾಕು.